ಆರೂವರೆಗೆ ಸೈರನ್ ಕೂಗಲಿಲ್ಲ

ನಮ್ಮ ಮನೆ, ಅಡುಗೆಮನೆಯ ಮೇಜು
ಬುಧವಾರ, ಜುಲೈ ೧೭, ಮಧ್ಯಾಹ್ನ ಎರಡು ಗಂಟೆ

ಮೂರು ವಾರದಿಂದ ಈ ಮನೆಯನ್ನು ದೂರದಿಂದಲೇ ಆಳುತ್ತಿರುವ ನನ್ನ ಪ್ರೀತಿಯ ಮನೆಯೊಡತಿಗೆ,

ಮೊದಲು ನಿನ್ನ ಸೊಂಟದ ನೋವು ಹೇಗಿದೆ ಹೇಳು. ಮಗಳು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ, ಹಗಲಿನಲ್ಲಿ ಒಂದು ಗಳಿಗೆಯಾದರೂ ಕಣ್ಣು ಮುಚ್ಚುತ್ತಾಳೆಯೇ? ಮೊಮ್ಮಗಳ ಅಳು ಮೂರು ಮನೆಯಾಚೆಗೂ ಕೇಳಿಸುತ್ತದೆ ಎಂದು ಹೋದ ಕಾಗದದಲ್ಲಿ ನೀನು ದೂರುವ ಧಾಟಿಯಲ್ಲಿ ಬರೆದಿದ್ದೆ. ಅದರಲ್ಲಿ ದೂರುವುದೇನಿದೆ? ಅಜ್ಜ ಇಪ್ಪತ್ತೇಳು ವರ್ಷದಿಂದ ಇಡೀ ಊರಿಗೆ ಕೇಳಿಸುವಂತೆ ಸೈರನ್ ಕೂಗಿಸುತ್ತಿರುವಾಗ ಮೊಮ್ಮಗಳು ಮೂರು ಮನೆಗಾದರೂ ಕೇಳಿಸಬೇಡವೇ? ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ನಿಮ್ಮಮ್ಮ ನನಗಿಂತ ಆರೋಗ್ಯವಾಗಿದ್ದಾರೆ. ನೀನಿಲ್ಲದ ಮನೆಯಲ್ಲಿ ಅತ್ತೆ ಅಳಿಯ ಇಬ್ಬರೇ ಹೇಗಿರುತ್ತಾರೋ ಎಂದು ನೀನು ಹೆದರಿದ್ದೆಯಲ್ಲ, ಹೆದರಬೇಡ. ದಿನಕ್ಕೆ ಎರಡೇ ಸಲ ಜಗಳವಾಡುತ್ತೇವೆ, ಒಂದು ಟೀಗೆ ಎಷ್ಟು ಸಕ್ಕರೆ ಎಂಬುದಕ್ಕೆ, ಇನ್ನೊಂದು ರೇಡಿಯೋ ಎಷ್ಟು ಜೋರಾಗಿರಬೇಕು ಎಂಬುದಕ್ಕೆ. ಟೀ ವಿಚಾರದಲ್ಲಿ ಅವರೇ ಗೆಲ್ಲುತ್ತಾರೆ. ರೇಡಿಯೋ ವಿಚಾರದಲ್ಲೂ ಅವರೇ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನೆ ಸಾಯಂಕಾಲದಿಂದ ಇಲ್ಲಿ ಬಿರುಗಾಳಿ. ಯಾವಾಗಲೂ ಬರುವ ಗಾಳಿಮಳೆ ಅಂದುಕೊಳ್ಳಬೇಡ. ಎದುರುಗಡೆ ದರ್ಜಿ ತನ್ನ ಅಂಗಡಿಯ ಮುಂದೆ ಕೋಟು ತೊಡಿಸಿ ನಿಲ್ಲಿಸಿದ್ದ ಗೊಂಬೆ ಹಾರಿ ಬಂದು ನಮ್ಮ ಹಿತ್ತಲಲ್ಲಿ ಅಂಗಾತ ಮಲಗಿತ್ತು. ನಿಮ್ಮಮ್ಮ ಅದನ್ನು ಕಿಟಕಿಯಿಂದ ನೋಡಿ, ಕುಡಿದು ಬಿದ್ದವನು ಎಂದು ತಿಳಿದು, ಹೆಂಡತಿ ಮಕ್ಕಳಿರುವವರು ಹೀಗೆ ಮಾಡಬಾರದು ಎಂದು ಒಂದು ಕಾಲು ಗಂಟೆ ಬುದ್ಧಿ ಹೇಳಿದರು. ನಮ್ಮ ಹಿತ್ತಲಿನ ಬಕೆಟ್ಟು ಯಾರ ಮನೆ ಸೇರಿದೆಯೋ ಗೊತ್ತಿಲ್ಲ. ಅದರ ವಿಚಾರ ನೀನು ಬಂದ ಮೇಲೆ ಮಾತಾಡೋಣ. ಮನೆಯಿಂದ ಯಾರೂ ಹೊರಗೆ ಬರಬೇಡಿ ಎಂದು ರೇಡಿಯೋದವರು ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಹೋದ ತಕ್ಷಣ ನನಗೆ ನೆನಪಾದದ್ದು ನೀನು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ, ನನ್ನ ಕೈ ಹಿಡಿದುಕೊಂಡು, ಕಂಡಕ್ಟರ್ ಸೀಟಿ ಊದುತ್ತಿದ್ದರೂ ಬಿಡದೆ ನೀನು ಮಾಡಿಸಿಕೊಂಡ ಆಣೆಯ ಪ್ರತಿಯೊಂದು ಅಕ್ಷರವೂ ನನಗೆ ಬಾಯಿಪಾಠ. "ಇನ್ನೊಂದ್ಸಲ ಬಿರುಗಾಳಿಯಲ್ಲಿ ಆ ಸೈರನ್ ಹಿಂದೆ ಓಡಿದ್ರೆ ನಾನು ಮಗಳ ಮನೇಲೇ ಇದ್ದುಬಿಡ್ತೀನಿ ನೋಡಿ. ನೀವೂ ನಿಮ್ಮ ಸೈರನ್ನೂ ಸಂಸಾರ ಮಾಡ್ಕೊಂಡಿರಿ." ನೀನು ತಮಾಷೆಗೆ ಹೇಳಿದ್ದಲ್ಲ ಎಂದು ನನಗೆ ಗೊತ್ತು. ಹೋದ ವರ್ಷದ ಬಿರುಗಾಳಿಯಲ್ಲಿ ಕಾರ್ಖಾನೆಯ ಏಣಿಯಿಂದ ಜಾರಿ ಎಡಗೈ ಮುರಿದುಕೊಂಡು ಬಂದೆ. ಮರುದಿನವೇ ಬಲಗೈಯಲ್ಲಿ ಸೈರನ್ ತಿರುಗಿಸಲು ಹೋದೆನೆಂಬ ಹೆಮ್ಮೆ ನನಗಿತ್ತು. ಆರು ವಾರ ನನ್ನ ಅಂಗಿಗೆ ಗುಂಡಿ ಹಾಕಿದವಳು, ತಲೆ ಬಾಚಿದವಳು, ನಾನು ನೋವಿಗೆ ನರಳಿದಾಗಲೆಲ್ಲ ಎದ್ದು ಕೂತವಳು ನೀನು. ಆ ಹೆಮ್ಮೆಯಲ್ಲಿ ನಿನಗೆ ಪಾಲು ಸಿಗಲಿಲ್ಲ. ಅದಕ್ಕೇ ನೀನು ಈ ಸಲ ನನ್ನ ಮಳೆಕೋಟು, ಗಂಬೂಟು ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಜೊತೆಯಲ್ಲೇ ಕೊಂಡೊಯ್ದದ್ದು. ಕಾವಲಿಗೆ ನಿಮ್ಮಮ್ಮನನ್ನು ಬಿಟ್ಟು ಹೋದದ್ದು. ಎಲ್ಲ ಅರ್ಥವಾಗಿದೆ, ನಾನೇನು ಮಗುವಲ್ಲ.

ಆದರೆ ನನ್ನ ಕೆಲಸದ ಪೇಚು ನಿನಗೂ ಗೊತ್ತು. ಬಿಸ್ಕತ್ತು ಕಾರ್ಖಾನೆಯಲ್ಲಿ ಮುನ್ನೂರು ಜನ ಇದ್ದಾರೆ. ಬೆಳಿಗ್ಗೆ ಆರೂವರೆಗೆ ಸೈರನ್ ಒಂದು ಸಲ ಕೂಗಿದರೆ ಕೆಲಸಕ್ಕೆ ಬನ್ನಿ ಎಂದು. ಎರಡು ಸಲ ಕೂಗಿದರೆ ಇವತ್ತು ರಜೆ, ಮನೆಯಲ್ಲೇ ಇರಿ ಎಂದು. ಗಾಳಿಮಳೆ ಎಷ್ಟಿದೆ ಎಂದು ನೋಡಿ ಒಂದೋ ಎರಡೋ ಎಂದು ತೀರ್ಮಾನಿಸುವ ಅಧಿಕಾರ ಹಳೆಯ ಮ್ಯಾನೇಜರರ ಕಾಲದಿಂದ ನನ್ನದೇ. ಅಂದರೆ, ಕೆಲಸಕ್ಕೆ ಬರಬೇಡಿ ಎಂದು ಮುನ್ನೂರು ಜನರಿಗೆ ಹೇಳಬೇಕಾದರೆ ಒಬ್ಬ ಮಾತ್ರ ಕೆಲಸಕ್ಕೆ ಹೋಗಲೇಬೇಕು. ಮೈದಾ ಗೋದಾಮಿನ ತಾರಸಿಗೆ ಮೂವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ, ಆ ಪುಟ್ಟ ಗೂಡಿನ ಬೀಗ ತೆಗೆದು, ಹಿಡಿಕೆ ಹಿಡಿದು ತಿರುಗಿಸಬೇಕು. ಕರೆಂಟು ಇರಲಿ ಬಿಡಲಿ, ಅದು ಕೈಯಿಂದಲೇ ತಿರುಗುವ ಸೈರನ್. ಬಿರುಗಾಳಿ ಜೋರಾದಷ್ಟೂ ಮಿಕ್ಕವರಿಗೆ ಹೊದಿಕೆ ಬೆಚ್ಚಗಾಗುತ್ತದೆ, ನನಗೆ ಏಣಿ ಎತ್ತರವಾಗುತ್ತದೆ.

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದೆ. ಎದ್ದವನು ನೇರ ಬಾಗಿಲಿಗೆ ಹೋಗಲಿಲ್ಲ, ನಿನ್ನಾಣೆಗೂ ಹೋಗಲಿಲ್ಲ. ಬರಿ ಕಿಟಕಿಯಿಂದ ನೋಡಿದೆ. ಬೀದಿಯಲ್ಲಿ ಮೊಣಕಾಲುದ್ದ ನೀರು, ಅದರಲ್ಲಿ ಯಾರದೋ ಪ್ಲಾಸ್ಟಿಕ್ ಕುರ್ಚಿ ಒಬ್ಬರೂ ಕೂತಿಲ್ಲದೆ ಗಂಭೀರವಾಗಿ ಹೋಗುತ್ತಿತ್ತು. ಹಿಂತಿರುಗಿ ನೋಡಿದರೆ ನಿಮ್ಮಮ್ಮ ಆಗಲೇ ತಮ್ಮ ಕುರ್ಚಿಯನ್ನು ಮುಂಬಾಗಿಲಿಗೆ ಅಡ್ಡ ಹಾಕಿಕೊಂಡು, ಮಡಿಲಲ್ಲಿ ಟಾರ್ಚು ಇಟ್ಟುಕೊಂಡು ಕೂತಿದ್ದರು. ನಾನು ಅತ್ತ ಒಂದು ಹೆಜ್ಜೆ ಇಟ್ಟರೆ ಟಾರ್ಚು ಹತ್ತುತ್ತಿತ್ತು, ಹಿಂದಕ್ಕೆ ಇಟ್ಟರೆ ಆರುತ್ತಿತ್ತು. ಬಚ್ಚಲಿಗೆ ಹೋಗುತ್ತೇನೆ ಎಂದರೂ ಅವರಿಗೆ ನಂಬಿಕೆಯಿಲ್ಲ. ಹೋಗಲೋ ಬೇಡವೋ ಎಂದು ನಾನು ಅಡುಗೆಮನೆಗೂ ನಡುಮನೆಗೂ ನಡುವೆ ಎಷ್ಟು ಸಲ ಓಡಾಡಿದೆನೆಂದರೆ, ಅಷ್ಟು ಹೆಜ್ಜೆಯಲ್ಲಿ ಕಾರ್ಖಾನೆಗೆ ಹೋಗಿ ಬಂದುಬಿಡಬಹುದಿತ್ತು.

ಕೊನೆಗೆ ಆರೂಕಾಲಿಗೆ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಅದು ಹೊಳೆದಾಗ ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ ಕಣೇ. ಭಾನುವಾರ ಸೈರನ್ ಕೂಗುವುದಿಲ್ಲ, ಯಾರೂ ಕೆಲಸಕ್ಕೆ ಬರುವುದಿಲ್ಲ. ಹಾಗಾದರೆ ಇವತ್ತೂ ಕೂಗದಿದ್ದರೆ ಯಾರೂ ಬರುವುದಿಲ್ಲ! ಎರಡು ಸಲ ಕೂಗಿದರೂ ಮನೆಯಲ್ಲಿರುತ್ತಾರೆ, ಕೂಗದಿದ್ದರೂ ಮನೆಯಲ್ಲಿರುತ್ತಾರೆ. ಇದು ತಿಳಿಯದೆ ಇಷ್ಟು ವರ್ಷ ಪ್ರತಿ ಬಿರುಗಾಳಿಯಲ್ಲೂ ಹೋಗಿ ನೆಂದು ಬಂದೆನಲ್ಲ, ಸುಮ್ಮನೆ ಕೈ ಮುರಿದುಕೊಂಡೆನಲ್ಲ ಎಂದು ನಗು ಬಂತು. ಆಮೇಲೆ ಅಷ್ಟೇ ಬೇಗ ನಗು ಹೋಯಿತು. ಹಾಗಿದ್ದರೆ ಇಪ್ಪತ್ತೇಳು ವರ್ಷದಿಂದ ನಾನು ಮಾಡುತ್ತಿದ್ದದ್ದಾದರೂ ಏನು ಎಂದು ಅನ್ನಿಸಿತು. ನಿಮ್ಮಮ್ಮನಿಗೆ ಇದನ್ನು ಹೇಳಿದೆ. "ಬರೀ ಅದನ್ನು ಕಂಡುಹಿಡಿಯೋಕೆ ಇಷ್ಟು ವರ್ಷ ಬೇಕಾಯ್ತಾ ಅಳಿಯಂದಿರೇ" ಎಂದರು.

ಆರೂವರೆ ಆಯಿತು. ಸೈರನ್ ಕೂಗಲಿಲ್ಲ. ನಾನಿಲ್ಲದೆ ಅದು ಹೇಗೆ ಕೂಗೀತು ಎಂದು ನೀನು ಕೇಳಬಹುದು. ನನಗೂ ಗೊತ್ತು, ಆದರೂ ಕಿವಿಗೊಟ್ಟು ಕೂತಿದ್ದೆ. ಬಲಗೈ ಸುಮ್ಮನಿರಲಿಲ್ಲ. ನೋಡಿದರೆ ನಿನ್ನ ಹೊಲಿಗೆ ಯಂತ್ರದ ಹಿಡಿಯನ್ನು ತಿರುಗಿಸುತ್ತಾ ಕೂತಿದ್ದೇನೆ! ಮೊಮ್ಮಗಳಿಗೆಂದು ನೀನು ಅರ್ಧ ಹೊಲಿದಿಟ್ಟು ಹೋಗಿದ್ದ ಅಂಗಿಯ ಒಂದು ತೋಳು ಈಗ ಪೂರ್ತಿ ಹೊಲಿದುಹೋಗಿದೆ, ಕೈ ತೂರುವ ಕಡೆಯೂ ಸೇರಿ. ಅದನ್ನು ಬಿಚ್ಚಿ ಸರಿಮಾಡುತ್ತೇನೆ, ಬೈಯಬೇಡ.

ಏಳೂಕಾಲರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ನಾನು ಆಗ ಒಳಗೆ ಹೊದ್ದು ಮಲಗಿ, ರಜೆಯ ಸುಖ ಅಂದರೆ ಹೀಗಿರುತ್ತದೋ ಎಂದು ರುಚಿ ನೋಡುತ್ತಿದ್ದೆ. ನಿಮ್ಮಮ್ಮ ಕುರ್ಚಿ ಸರಿಸಿ ಬಾಗಿಲು ತೆರೆದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಯಾರೋ ಬಿಕ್ಕುವ ಸದ್ದು, ಅದರ ಹಿಂದೆಯೇ ನಾಲ್ಕೈದು ಜನ ಅಳುವ ಸದ್ದು, ಅದಕ್ಕೆ ನಿಮ್ಮಮ್ಮನೂ ದನಿ ಸೇರಿಸಿದ್ದು ಕೇಳಿಸಿತು. ನಿಮ್ಮಮ್ಮ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದು, "ಕಾರ್ಖಾನೆಯವರು ಬಂದಿದ್ದಾರೆ. ಯಾರೋ ತೀರಿಕೊಂಡರಂತೆ, ಪಾಪ, ತುಂಬಾ ಒಳ್ಳೆಯವರಂತೆ" ಎಂದರು. ನಾನು ಕಂಬಳಿಯನ್ನು ತಲೆತುಂಬ ಹೊದ್ದುಕೊಂಡೇ ಎದ್ದು ಹೋದೆ. ನಡುಮನೆಯ ತುಂಬ ಜನ. ಭಟ್ಟಿ ಮೇಸ್ತ್ರಿ ಗೋಡೆಗೆ ಹಣೆ ಇಟ್ಟು ನಿಂತಿದ್ದ. ಪ್ಯಾಕಿಂಗ್ ವಿಭಾಗದ ಹೆಂಗಸರು ತಲೆಗೆ ಬಿಸ್ಕತ್ತು ತುಂಬುವ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ತೊಟತೊಟ ನೀರು ಸುರಿಸುತ್ತಾ ಅಳುತ್ತಿದ್ದರು. ಎಂಥ ಗಾಳಿಯಲ್ಲಿ ಬಂದಿದ್ದಾರೆ, ಸತ್ತವನು ಪುಣ್ಯವಂತ ಎಂದುಕೊಂಡೆ. ನನಗೂ ದುಃಖ ಒತ್ತರಿಸಿ ಬಂತು. ಮೇಸ್ತ್ರಿಯ ಬೆನ್ನ ಮೇಲೆ ಕೈಯಿಟ್ಟು, "ಸಮಾಧಾನ ಮಾಡ್ಕೋಪ್ಪಾ, ಎಲ್ಲರೂ ಒಂದಿನ ಹೋಗೋದೇ, ಅಂದ ಹಾಗೆ ಯಾರು?" ಎಂದು ಕೇಳಿದೆ.

ಅವನು ತಿರುಗಿ ನೋಡಿ ಕಿರುಚಿದ ಸದ್ದು ನಿನಗೆ ಅಲ್ಲಿಗೇ ಕೇಳಿಸಿರಬೇಕು. ಬಿಸ್ಕತ್ತಿನ ಭಟ್ಟಿಗೆ ಕೈ ಹಾಕಿ ಸುಟ್ಟುಕೊಂಡಾಗಲೂ ತುಟಿ ಪಿಟಕ್ಕೆನ್ನದವನು, ನಿನ್ನ ಮಲ್ಲಿಗೆ ಗಿಡದ ಕುಂಡದ ಮೇಲೆ ಕೂತುಬಿಟ್ಟ. ಗಾಳಿಗೆ ಹೆದರಿ ಅದನ್ನು ನಾನೇ ಒಳಗೆ ತಂದಿಟ್ಟಿದ್ದೆ. ಗಿಡ ಉಳಿಯಬಹುದು.

ವಿಷಯ ಏನೆಂದರೆ, ಇಪ್ಪತ್ತೇಳು ವರ್ಷದಲ್ಲಿ ಭಾನುವಾರ ಬಿಟ್ಟು ಮಿಕ್ಕ ಯಾವ ದಿನವೂ ಆ ಸೈರನ್ ಸುಮ್ಮನಿರಲಿಲ್ಲ. ಜ್ವರ ಬಂದಾಗಲೂ, ಮಗಳ ಮದುವೆಯ ದಿನವೂ ಹೋಗಿ ತಿರುಗಿಸಿ ಬಂದಿದ್ದೆ. ಒಂದು ಕೂಗಿದರೆ ಏನು ಮಾಡಬೇಕು, ಎರಡು ಕೂಗಿದರೆ ಏನು ಮಾಡಬೇಕು ಎಂದು ಎಲ್ಲರಿಗೂ ಗೊತ್ತು. ಕೂಗದೇ ಇದ್ದರೆ ಏನು ಎಂದು ಯಾರಿಗೂ ಯಾರೂ ಹೇಳಿರಲಿಲ್ಲ. ಆರೂ ಮೂವತ್ತೈದಕ್ಕೆ ಬೀದಿಬೀದಿಯಲ್ಲಿ ಬಾಗಿಲು ತೆರೆದವಂತೆ. ಆರೂ ನಲವತ್ತಕ್ಕೆ ಎಲ್ಲರೂ ಒಂದೇ ಮಾತಿಗೆ ಬಂದಿದ್ದರಂತೆ: ಅವನು ಜೀವ ಇದ್ದರೆ ಬರದೇ ಇರುವವನಲ್ಲ. ಭಟ್ಟಿ ಮೇಸ್ತ್ರಿ ಬರುವಾಗ ಹಿಟ್ಟಿನ ಮೂಟೆ ಹೊರುವವರಲ್ಲಿ ಗಟ್ಟಿಮುಟ್ಟಾದ ನಾಲ್ವರನ್ನು, ಒಂದೇ ಎತ್ತರದವರನ್ನೇ ಆರಿಸಿ, ಜೊತೆಗೆ ಕರೆತಂದಿದ್ದ. ಯಾಕೆ ಎಂದು ನಾನು ಕೇಳಲಿಲ್ಲ. ಅವರು ನನ್ನನ್ನು ಅಳತೆ ಹಾಕುವ ಹಾಗೆ ನೋಡಿದ್ದರಲ್ಲೇ ತಿಳಿಯಿತು.

ನಗಬೇಡ, ಇಲ್ಲಿಂದ ಮುಂದೆ ನಗುವ ವಿಷಯವಲ್ಲ. ನಮ್ಮ ಮನೆಗೆ ಬಂದವರು ಮೂವತ್ತು ಜನ. ಮಿಕ್ಕವರು ಕಾರ್ಖಾನೆಗೆ ಹೋಗಿದ್ದರು, ಕೆಲಸಕ್ಕಲ್ಲ, ನನ್ನನ್ನು ಹುಡುಕುವುದಕ್ಕೆ. ಏಣಿಯಿಂದ ಬಿದ್ದಿರಬೇಕು, ಕೊಚ್ಚಿಹೋಗಿರಬೇಕು ಎಂದು ಹಿಂದಿನ ಚರಂಡಿಗೆ ಗಳ ಹಾಕಿ ತಡಕುತ್ತಿದ್ದಾರಂತೆ. ಗೇಟಿನ ಮೇಲಿನ ಆ ದೊಡ್ಡ ತಗಡಿನ ಬೋರ್ಡು ಒಂದೇ ಬೋಲ್ಟಿನಲ್ಲಿ ನೇತಾಡುತ್ತಿದೆಯಂತೆ, ಅದರ ಕೆಳಗೇ ಇನ್ನೂರು ಜನ ಓಡಾಡುತ್ತಿದ್ದಾರಂತೆ. ನಾನು ಮನೆಯಲ್ಲೇ ಇದ್ದದ್ದು ಯಾರೂ ಬಿರುಗಾಳಿಗೆ ಸಿಕ್ಕಬಾರದೆಂದು, ಸಿಕ್ಕಿಕೊಂಡವರು ಮುನ್ನೂರೂ ಜನ!

ನಿನ್ನ ಆಣೆಯನ್ನು ಮರೆತೆ ಎಂದುಕೊಳ್ಳಬೇಡ. ಸೊಂಟದಿಂದ ಸೈರನ್ ಗೂಡಿನ ಕೀಲಿ ಬಿಚ್ಚಿ ಮೇಸ್ತ್ರಿಯ ಕೈಗೆ ಕೊಡಹೋದೆ, ಹೋಗಿ ಎರಡು ಸಲ ಕೂಗಿಸು, ಎಲ್ಲ ಮನೆಗೆ ಹೋಗುತ್ತಾರೆ ಎಂದೆ. ಅವನು ಕೀಲಿಯನ್ನು ಮುಟ್ಟಲಿಲ್ಲ. ಪ್ಯಾಕಿಂಗ್ ವಿಭಾಗದ ಹಿರಿಯಕ್ಕ ಮುಂದೆ ಬಂದು ಹೇಳಿದ್ದು ನಿಜವಾದ ಮಾತು: "ನಿಮ್ಮ ಕೈ ಯಾವುದು ಅಂತ ನಮಗೆ ಗೊತ್ತಿಲ್ವಾ? ಕೊನೇಲಿ ಒಂದು ಬಿಕ್ಕಳಿಕೆ ಇರುತ್ತೆ. ಬೇರೆಯವರು ತಿರುಗಿಸಿದ್ರೆ ಅದು ಬರಲ್ಲ. ನೀವು ಹೋದದ್ದು ಖಾತ್ರಿ ಆಯ್ತು ಅಂತ ಇನ್ನೂ ಜೋರಾಗಿ ಹುಡುಕ್ತಾರೆ." ಬಿಕ್ಕಳಿಕೆ ಇರುವುದು ನಿಜ. ಹಿಡಿಕೆ ಬಿಡುವಾಗ ನನ್ನ ಕೈ ಒಂದು ಚೂರು ಹಿಂದಕ್ಕೆ ಎಳೆಯುತ್ತದೆ, ಅದು ಅಭ್ಯಾಸ. ಅದನ್ನು ನಾನೊಬ್ಬನೇ ಕೇಳಿಸಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಊರೇ ಕೇಳಿಸಿಕೊಂಡಿದೆ.

ನಾನು ನಿಮ್ಮಮ್ಮನ ಮುಖ ನೋಡಿದೆ. ಬಂದವರು ಒಳಗಾದ ಮೇಲೆ ಅವರು ಮತ್ತೆ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತಿದ್ದರು. ಆಮೇಲೆ ಎದ್ದು, ಕುರ್ಚಿಯನ್ನು ಬಾಗಿಲಿನಿಂದ ಎಳೆದು ಗೋಡೆಗೆ ಹಾಕಿ, "ಹೋಗಿ ಬನ್ನಿ. ನನ್ನ ಮಗಳಿಗೆ ನಾನು ಹೇಳ್ತೀನಿ" ಎಂದರು. ಹೊಸ್ತಿಲ ಹತ್ತಿರ ಹೋದಾಗ ಮತ್ತೆ ಕೂಗಿ, "ನಾನು ಹೇಳಲ್ಲ, ನೀವೇ ಹೇಳಿ" ಎಂದರು. ಮಳೆಕೋಟು ನಿನ್ನ ಬೀರುವಿನಲ್ಲಿ ಭದ್ರವಾಗಿತ್ತು. ಆದ್ದರಿಂದ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆಯನ್ನು, ನೀನು ಇಷ್ಟಪಟ್ಟು ತಂದ ನೀಲಿ ಮೀನಿನ ಪರದೆಯನ್ನೇ, ಬಿಚ್ಚಿ ಸುತ್ತಿಕೊಂಡೆ. ನನ್ನನ್ನು ಹೊರಲು ಬಂದಿದ್ದ ನಾಲ್ವರೂ ಸುತ್ತ ತೋಳಿಗೆ ತೋಳು ಕೋದು ನಡೆಸಿಕೊಂಡು ಹೋದರು. ಅವರನ್ನು ಆರಿಸಿದ್ದು ವ್ಯರ್ಥವಾಗಲಿಲ್ಲ.

ಏಣಿಯ ವಿಚಾರ ವಿವರವಾಗಿ ಬರೆಯುವುದಿಲ್ಲ, ನೀನು ಓದುವಾಗ ಮಗು ಮಡಿಲಲ್ಲಿರಬಹುದು. ಹೆದರಿಕೆ ಆಯಿತು, ಅಷ್ಟು ಹೇಳುತ್ತೇನೆ. ಸೊಂಟಕ್ಕೆ ಹಗ್ಗ ಕಟ್ಟಿದ್ದರು, ಒಂದೊಂದು ಮೆಟ್ಟಿಲಿಗೂ ನಿನ್ನನ್ನೇ ನೆನೆದೆ. ಮೇಲೆ ಹೋಗಿ ಎರಡು ಸಲ ಕೂಗಿಸಿದೆ. ಎರಡನೆಯ ಸಲದ ಕೊನೆಗೆ ಬಿಕ್ಕಳಿಕೆ ಬಂದಾಗ ಕೆಳಗಿನಿಂದ ಎದ್ದ ಕೇಕೆ ಗಾಳಿಯನ್ನೂ ಮೀರಿ ಕೇಳಿಸಿತು. ಚರಂಡಿಯಲ್ಲಿದ್ದವರು ಗಳ ಎತ್ತಿ ಆಡಿಸಿದರು. ಆಮೇಲೆ ಇಳಿದು ಬಂದ ನನಗೆ ಸಿಕ್ಕಾಪಟ್ಟೆ ಬೈದರು, ಸತ್ತಿದ್ದೇನೆಂದು ಅತ್ತವರೇ ಹೆಚ್ಚಾಗಿ ಬೈದರು. ಅರ್ಧ ಗಂಟೆಯಲ್ಲಿ ಎಲ್ಲರೂ ಮನೆ ಸೇರಿದರು. ಒಂಬತ್ತು ಗಂಟೆಗೆ ಆ ಬೋರ್ಡು ಬಿತ್ತು. ಕೆಳಗೆ ಯಾರೂ ಇರಲಿಲ್ಲ. ಮ್ಯಾನೇಜರರ ಸ್ಕೂಟರ್ ಇತ್ತು, ಈಗ ಅದು ಬಿಸ್ಕತ್ತಿನಷ್ಟೇ ದಪ್ಪವಿದೆ.

ಇದಿಷ್ಟೂ ನಡೆದದ್ದು. ಒಂದನ್ನೂ ಮುಚ್ಚಿಟ್ಟಿಲ್ಲ. ನಾನು ಸೈರನ್ ಹಿಂದೆ ಓಡಿದ್ದಲ್ಲ, ಜನರ ಹಿಂದೆ ಹೋದದ್ದು ಎಂದು ವಾದ ಮಾಡಬಹುದು, ಬೆಳಗಿನಿಂದ ಆ ವಾದವನ್ನೇ ತಿದ್ದಿ ತೀಡಿ ಇಟ್ಟುಕೊಂಡಿದ್ದೇನೆ. ನಿಮ್ಮಮ್ಮನ ಮುಂದೆ ಒಮ್ಮೆ ಹೇಳಿ ನೋಡಿದೆ. ಅವರು ನನ್ನ ಟೀಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದರು. ಅದನ್ನು ಹೇಗೆ ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು. ಮೊಮ್ಮಗಳ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು, ಅಳುವಾಗ ತಡೆಯಬೇಡ. ನಿನ್ನ ಸೊಂಟಕ್ಕೆ ಎಣ್ಣೆ ಹಚ್ಚಿಕೋ, ಭಾರ ಎತ್ತಬೇಡ.

ಎರಡು ಕೈಯೂ ನೆಟ್ಟಗಿರುವ,
ನಿನ್ನವ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಕಾರ್ಖಾನೆಯ ಟೈಂಕೀಪರ್ ಬಂದ. ಬಂದವನು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಕೈ ಹಿಸುಕಿಕೊಂಡ. ಬೆಳಿಗ್ಗೆ ಏಳು ಗಂಟೆಗೆ, ನಮ್ಮ ಮನೆಗೆ ಬಂದು ನೋಡುವ ಮೊದಲೇ, ನಾನು ತೀರಿಕೊಂಡೆನೆಂದು ನಿನಗೆ ತಂತಿ ಕೊಟ್ಟಿದ್ದನಂತೆ. ಅಂಚೆ ಕಚೇರಿ ದಾರಿಯಲ್ಲೇ ಇತ್ತಲ್ಲ ಎನ್ನುತ್ತಾನೆ. ನಾನು ಕ್ಷೇಮ ಎಂದು ಇನ್ನೊಂದು ತಂತಿಯನ್ನು ಆಮೇಲೆ ಕೊಟ್ಟನಂತೆ, ತಲುಪಿರಬೇಕು. ಅವನ ಕತ್ತು ಹಿಸುಕಲು ಹೋದವನಿಗೆ ಅವನು ನಿನ್ನ ಮರುತಂತಿಯನ್ನು ಕೊಟ್ಟ. ಅದು ಎರಡನೆಯದು ನಿನಗೆ ತಲುಪುವ ಮೊದಲೇ ನೀನು ಕಳಿಸಿದ್ದು. "ಅವರಿಗೆ ಏನೂ ಆಗಿಲ್ಲ. ಮನೆ ಬಿಟ್ಟು ಹೋಗಲ್ಲ ಎಂದು ನನಗೆ ಮಾತು ಕೊಟ್ಟಿದ್ದಾರೆ. ಒಳಗೆ ಮಲಗಿರುತ್ತಾರೆ. ಬಾಗಿಲು ತಟ್ಟಿ." ನಾಲ್ಕು ಸಲ ಓದಿದೆ. ಊರಿಗೆ ಊರೇ ನಾನು ಸತ್ತೆ ಎಂದುಕೊಂಡಿತು. ನೀನೊಬ್ಬಳು ಅಷ್ಟು ದೂರದಲ್ಲಿ ಕೂತು, ನಾನು ಮಾತು ಉಳಿಸಿಕೊಂಡಿದ್ದೇನೆ ಎಂದುಕೊಂಡೆ. ಎರಡೂ ಸುಳ್ಳಾಯಿತು. ಅವರದಕ್ಕೆ ನಗು ಬಂತು, ನಿನ್ನದಕ್ಕೆ ಅಳು ಬಂತು. ಇಷ್ಟು ಪುಟವನ್ನೂ ಹರಿದುಹಾಕಿ, ಮನೆಯಲ್ಲೇ ಇದ್ದೆ ಎಂದು ಎರಡು ಸಾಲು ಬರೆದುಬಿಡೋಣ ಅನ್ನಿಸಿತು, ಟೈಂಕೀಪರನೂ ಅದೇ ಒಳ್ಳೆಯದು ಎಂದ. ಬರೆಯಲಾರೆ. ಹೋಗಿದ್ದೆ ಕಣೇ. ನಾಳೆಯಿಂದ ಭಟ್ಟಿ ಮೇಸ್ತ್ರಿಯನ್ನು ದಿನವೂ ಜೊತೆಗೆ ಕರೆದುಕೊಂಡು ಹೋಗಿ ತಿರುಗಿಸಲು ಕಲಿಸುತ್ತೇನೆ. ಅವನ ಕೈಯೂ ಊರಿಗೆ ಗುರುತಾಗಲಿ. ಆಮೇಲೆ ಬಿರುಗಾಳಿ ಬಂದರೆ ಕೀಲಿ ಅವನದು. ನಿನಗೆ ಬೈಯಬೇಕು ಅನ್ನಿಸುತ್ತಿರುತ್ತದೆ, ಬೈಯಲೇಬೇಕು. ಕಾಗದದಲ್ಲಿ ಬೇಡ, ಬಂದು ಬೈ.